ತೂಕ ಇಳಿಸುವ ಆಪರೇಷನ್ ಆದ್ಮೇಲೆ ಎಷ್ಟು ಕೆಜಿಗೆ ಬರಬೇಕು? ನಿಮ್ಮ ಲೆಕ್ಕ ನೀವೇ ಹಾಕಿ

[ದೃಶ್ಯ: ಕುಂದವಾಡ ಕೆರೆ ಏರಿ, ಬೆಳಗಿನ ವಾಕಿಂಗ್]

ನಮಸ್ಕಾರ. ನಮ್ಮ ದಾವಣಗೆರೆಯಲ್ಲಿ ಯಾರಾದರೂ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರು ಅಂದರೆ, ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೇಳೋದು ಇದೇ: "ಎಷ್ಟು ಇಳಿದ್ರಿ? ಇನ್ನೂ ಎಷ್ಟು ಇಳೀಬೇಕು?" ಆ ಎರಡನೇ ಪ್ರಶ್ನೆ ಬಹಳ ಜನರ ನಿದ್ದೆ ಕೆಡಿಸುತ್ತದೆ. ಇವತ್ತು ಅದಕ್ಕೆ ಲೆಕ್ಕ ಹಾಕೋಣ.

[ಪರದೆಯ ಮೇಲೆ: ಎತ್ತರ 160 ಸೆಂ.ಮೀ., ತೂಕ 120 ಕೆಜಿ]

ಒಬ್ಬ ಹೆಣ್ಣುಮಗಳು, ಎತ್ತರ 160 ಸೆಂಟಿಮೀಟರ್, ಆಪರೇಷನ್ ಹೊತ್ತಿಗೆ ತೂಕ 120 ಕೆಜಿ ಅಂತಿಟ್ಟುಕೊಳ್ಳಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೋ ಇಲ್ಲವೋ ಅಂತ ನೋಡುವ ಅಳತೆ, ಸುಮಾರು 47. ಅದು ಸಾಮಾನ್ಯ ಮಿತಿ ಅಂತ ಹಿಡಿಯುವ 25ಕ್ಕೆ ಬರಬೇಕಾದರೆ ತೂಕ 64 ಕೆಜಿ ಆಗಬೇಕು. ಬಹಳ ಜನ ಈ 64 ಅನ್ನೇ ಗುರಿ ಅಂತ ಹಿಡಿದು ಕೂರುತ್ತಾರೆ. ಎಡವೋದು ಇಲ್ಲೇ.

ಈ ಆಪರೇಷನ್‌ನಲ್ಲಿ ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ತೆಗೆಯೋದು) ಆಗಲಿ, ಬೈಪಾಸ್ (ಜಠರವನ್ನು ಪುಟ್ಟದು ಮಾಡಿ ಕರುಳಿಗೆ ಜೋಡಿಸೋದು) ಆಗಲಿ, ಒಂದು ಒಂದೂವರೆ ವರ್ಷದಲ್ಲಿ ಸಾಮಾನ್ಯವಾಗಿ ಇಳಿಯೋದು ಮೊದಲಿದ್ದ ತೂಕದ ಶೇ 25ರಿಂದ 30ರಷ್ಟು. ಬೈಪಾಸ್‌ನಲ್ಲಿ ಸ್ವಲ್ಪ ಜಾಸ್ತಿ ಇಳಿಯಬಹುದು. 120 ಕೆಜಿಗೆ ಇದು 30ರಿಂದ 36 ಕೆಜಿ. ಅಂದರೆ ಇವರ ತೂಕ 84ರಿಂದ 90ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದು ಆಪರೇಷನ್ ಸರಿಯಾಗಿ ಕೆಲಸ ಮಾಡಿದೆ ಅನ್ನೋದರ ಗುರುತು. 88ಕ್ಕೆ ಬಂದವರು "64 ಆಗ್ಲೇ ಇಲ್ಲ" ಅಂತ ಕಣ್ಣೀರು ಹಾಕಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. 32 ಕೆಜಿ ಇಳಿದಿದ್ದಾರೆ! ಮೊಣಕಾಲಿನ ಭಾರ ಎಷ್ಟು ಕಡಿಮೆಯಾಗಿರಬೇಕು ಯೋಚನೆ ಮಾಡಿ. ಶುಗರ್, ಬಿಪಿ, ರಾತ್ರಿ ಉಸಿರು ಕಟ್ಟೋದು, ಇವೆಲ್ಲ ಎಷ್ಟೋ ಜನರಿಗೆ ಹತೋಟಿಗೆ ಬರುತ್ತವೆ. ಮಾತ್ರೆ ಕಡಿಮೆ ಮಾಡೋದು ಮಾತ್ರ ಡಾಕ್ಟರ್ ಹೇಳಿದ ಮೇಲೇ.

ನಿಮ್ಮ ತೂಕಕ್ಕೂ ಹೀಗೇ ಲೆಕ್ಕ ಹಾಕಿ. ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದೋದಿಲ್ಲ. ಶುರುವಿನ ತೂಕ, ವಯಸ್ಸು, ಶುಗರ್ ಇದೆಯೋ ಇಲ್ಲವೋ, ಎಲ್ಲಾ ಸೇರಿ ಫಲಿತಾಂಶ ಬದಲಾಗುತ್ತದೆ.

[ದೃಶ್ಯ: ತೂಕದ ಮೆಷಿನ್, ಪಕ್ಕದಲ್ಲಿ ಅಳತೆ ಟೇಪು]

ಮೂರನೇ ವಾರದ ಹೊತ್ತಿಗೆ ಎಷ್ಟೋ ಜನರಿಗೆ ತೂಕ ಇಳಿಯೋದು ನಿಂತೇ ಹೋಗುತ್ತದೆ. ಗಾಬರಿ ಬೇಡ. ಮೊದಲ ದಿನಗಳಲ್ಲಿ ಇಳಿದಿದ್ದರಲ್ಲಿ ನೀರಿನ ಪಾಲೇ ಜಾಸ್ತಿ, ಆಮೇಲೆ ವೇಗ ತಗ್ಗುತ್ತದೆ. ದಿನಾ ಮೆಷಿನ್ ಹತ್ತಬೇಡಿ, ವಾರಕ್ಕೊಮ್ಮೆ ಸಾಕು. ಟೇಪು ಹಿಡಿದು ಸೊಂಟ ಅಳೆಯಿರಿ. ತೂಕ ನಿಂತ ವಾರವೂ ಬಳೆ ಸಡಿಲ ಆಗಿರುತ್ತದೆ ನೋಡಿ.

ಇನ್ನು ಊಟ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಉಳಿದ ಆ ಪುಟ್ಟ ಜಾಗದಲ್ಲಿ ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಹಿಡಿಸಬೇಕು. ಒಂದು ಮೊಟ್ಟೆಯಲ್ಲಿ ಇರೋದು 6 ಗ್ರಾಂ. ಅರ್ಧ ಬೆಣ್ಣೆ ದೋಸೆ, ಆಲೂ ಪಲ್ಯ ತಿಂದರೆ ಹೊಟ್ಟೆ ತುಂಬಿಹೋಯಿತು, ಪ್ರೋಟೀನ್‌ಗೆ ಜಾಗ ಎಲ್ಲಿ? ಅದಕ್ಕೇ ಮೊದಲು ಮೊಟ್ಟೆ, ಪನೀರ್, ಮೊಸರು, ಗಟ್ಟಿ ಬೇಳೆ. ರೊಟ್ಟಿ, ಅನ್ನ ಆಮೇಲೆ. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಡಿ. ಸಂಜೆ ಮಂಡಕ್ಕಿ ಮಿರ್ಚಿ ಪ್ಲೇಟ್ ಮುಂದೆ ಕೂತು "ಒಂದೊಂದೇ ಕಾಳು" ಅನ್ನೋ ಅಭ್ಯಾಸ ಅಪಾಯ. ಹೀಗೆ ಮೆಲ್ಲೋದಕ್ಕೆ ಆಪರೇಷನ್ ಅಡ್ಡ ಬರೋದಿಲ್ಲ, ಒಂದೆರಡು ವರ್ಷ ಆದಮೇಲೆ ತೂಕ ಮತ್ತೆ ಏರೋದು ಎಷ್ಟೋ ಸಲ ಇದರಿಂದಲೇ. ಆಗ ಎರಡು ಮೂರು ಕೆಜಿ ಏರೋದು ಬಹಳ ಜನರಲ್ಲಿ ಆಗುವಂಥದ್ದೇ, ಸೋತೆ ಅಂದುಕೊಳ್ಳಬೇಡಿ. ಏರುತ್ತಲೇ ಇದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ಡಾಕ್ಟರ್‌ಗೆ ತೋರಿಸಿ.

ಕೂದಲು ಉದುರೋದು ಮೂರನೇ ತಿಂಗಳ ಹೊತ್ತಿಗೆ ಕಾಣಿಸಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಿ12, ಐರನ್, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ತೂಕ ಇಳಿದ ಮೇಲೂ ನಿಲ್ಲಿಸುವಂತಿಲ್ಲ. ಮಗು ಬೇಕು ಅನ್ನುವವರು 12ರಿಂದ 18 ತಿಂಗಳು ತಡೆದು, ಡಾಕ್ಟರ್ ಹತ್ತಿರ ಮಾತಾಡಿ.

ಕುಡಿದ ನೀರೂ ನಿಲ್ಲದೆ ವಾಂತಿ ಆಗುತ್ತಿದ್ದರೆ "ತೂಕ ಬೇಗ ಇಳೀತಿದೆ" ಅಂತ ಖುಷಿಪಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.