ಬೋಟಿಗೆ ಸಿಕ್ಕ ಉಪಗ್ರಹ ಸಂದೇಶ ಮಲೆನಾಡಿನ ಅಂಗಳಕ್ಕೂ ಬರಲಿ

ನಮಸ್ಕಾರ. 2018ರ ಡಿಸೆಂಬರ್‌ನಲ್ಲಿ ಏಳು ಮಂದಿ ಮೀನುಗಾರರೊಂದಿಗೆ ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ದಡದಿಂದ ದೂರ ಸರಿದಂತೆ ಮೊಬೈಲ್ ಕೆಲಸ ನಿಲ್ಲಿಸುತ್ತದೆ. ಬೋಟಿನ ವಯರ್‌ಲೆಸ್ ಸುತ್ತಮುತ್ತಲ ಬೋಟುಗಳಿಗಷ್ಟೇ ಕೇಳಿಸುತ್ತದೆ. ತಾಂಡೇಲನ (ಬೋಟು ನಡೆಸುವವನ) ಕೈಯಲ್ಲಿ ಒಂದು ಸ್ಯಾಟಲೈಟ್ ಫೋನ್ ಇದ್ದಿದ್ದರೆ ಬೋಟು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಎಲ್ಲಿ ಹುಡುಕಬೇಕು ಎಂಬುದಾದರೂ ಆ ಮನೆಯವರಿಗೆ ಬೇಗ ತಿಳಿಯಬಹುದಿತ್ತು.

ಸ್ಯಾಟಲೈಟ್ ಫೋನ್ ಎಂದರೆ ಎಲ್ಲಿ ನಿಂತರೂ ಮಾತನಾಡಬಹುದಾದ ಮಾಯಾಪೆಟ್ಟಿಗೆ ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಬಳಸುವವರ ಅನುಭವ ಬೇರೆಯೇ. ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಜಾಲದ ಫೋನನ್ನೇ ತೆಗೆದುಕೊಳ್ಳಿ: ಬಯಲಿಗೆ ಬಂದು, ದಪ್ಪನೆಯ ಆಂಟೆನಾ ಎತ್ತಿ, ಮೊದಲು ತಾನೆಲ್ಲಿದ್ದೇನೆಂದು ಜಿಪಿಎಸ್‌ನಿಂದ ಫೋನು ಅರಿತುಕೊಳ್ಳುವವರೆಗೆ ಕಾಯಬೇಕು, ಬಳಿಕ ಉಪಗ್ರಹವಿರುವ ದಿಕ್ಕಿಗೆ ಅದನ್ನು ಹಿಡಿದು ನಿಲ್ಲಬೇಕು. ಆ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ದನಿ ಅಲ್ಲಿಗೆ ಹೋಗಿ ಇಳಿಯಲು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್ ಬೇಕಾಗುವುದರಿಂದ, ಹೊಸದಾಗಿ ಬಳಸುವ ಇಬ್ಬರು ಒಟ್ಟಿಗೇ ಮಾತು ಶುರುಮಾಡುತ್ತಾರೆ, ಒಟ್ಟಿಗೇ ಸುಮ್ಮನಾಗುತ್ತಾರೆ, ‘ನೀವು ಹೇಳಿ, ನೀವು ಹೇಳಿ’ ಎನ್ನುತ್ತಲೇ ನಿಮಿಷ ಕಳೆಯುತ್ತಾರೆ. ಆ ನಿಮಿಷಕ್ಕೂ ದುಡ್ಡು! ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ 66 ಉಪಗ್ರಹಗಳ ಇರಿಡಿಯಂ ಜಾಲದಲ್ಲಿ ಈ ತಡ ಕಡಿಮೆ. ಆದರೆ ತಲೆಯ ಮೇಲೆ ಆಕಾಶ ಕಾಣಬೇಕೆಂಬ ನಿಯಮ ಅದಕ್ಕೂ ತಪ್ಪಿದ್ದಲ್ಲ. ಮಳೆಗಿಂತ ಹೆಚ್ಚಾಗಿ ಅಡ್ಡಿ ಮಾಡುವುದು ಮಳೆಯಲ್ಲಿ ತೊಯ್ದ ಮರಗಳ ಸೊಪ್ಪು. ಹಾಗಾಗಿ ಮಲೆನಾಡಿನ ಮನೆಯೊಂದರಲ್ಲಿ ಇಂಥ ಫೋನ್ ಹಿಡಿದು ನಿಲ್ಲಲು ಸರಿಯಾದ ಜಾಗ ಅಡಿಕೆ ಒಣಗಿಸುವ ಅಂಗಳವೇ.

ಅಂಗಳವಿದೆ, ಆದರೆ ಸರ್ಕಾರದ ಅನುಮತಿಯಿಲ್ಲದೆ ಫೋನ್ ಹಿಡಿಯುವಂತಿಲ್ಲ. 2008ರ ಮುಂಬೈ ದಾಳಿಕೋರರ ಕೈಯಲ್ಲಿ ತುರಾಯಾ ಸ್ಯಾಟಲೈಟ್ ಫೋನ್ ಇತ್ತು. ಆ ಬಳಿಕ ನಮ್ಮಲ್ಲಿ ತುರಾಯಾ, ಇರಿಡಿಯಂ ಎರಡಕ್ಕೂ ನಿಷೇಧ ಬಿತ್ತು. 2017ರಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯು ಇನ್‌ಮಾರ್‌ಸ್ಯಾಟ್ ಮೂಲಕ, ಘಾಜಿಯಾಬಾದ್‌ನ ಗೇಟ್‌ವೇ (ಉಪಗ್ರಹದ ಸಂಕೇತ ಇಳಿಯುವ ನೆಲದ ಕೇಂದ್ರ) ಬಳಸಿ ಸೇವೆ ಆರಂಭಿಸಿದಾಗಲೂ ಮೊದಲ ಸರದಿ ಸರ್ಕಾರಿ ಸಂಸ್ಥೆಗಳದ್ದೇ ಆಗಿತ್ತು. ಚಾರಣಿಗರು ಬಳಸುವ ಅಂಗೈಯಗಲದ ಗಾರ್ಮಿನ್ ಉಪಗ್ರಹ ಸಂದೇಶ ಸಾಧನ ತಂದ ವಿದೇಶಿಯರು ಗೋವಾ ವಿಮಾನ ನಿಲ್ದಾಣದಲ್ಲಿ ಪೊಲೀಸರ ವಶವಾದದ್ದು 2024ರ ಡಿಸೆಂಬರ್‌ನಲ್ಲಿ. ಭದ್ರತೆಯ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೆಸರು ನೋಂದಾಯಿಸಿ, ದೇಶದೊಳಗಿನ ಗೇಟ್‌ವೇ ಮೂಲಕವೇ ಹಾದುಹೋಗುವ, ತಾನಿರುವ ಜಾಗವನ್ನು ತಾನೇ ತಿಳಿಸುವ ಸಾಧನವನ್ನೂ, ಕಳ್ಳದಾರಿಯಲ್ಲಿ ಬಂದ ಫೋನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಸರ್ಕಾರವೇ ಈ ವ್ಯತ್ಯಾಸವನ್ನು ಕಡಲಲ್ಲಿ ಒಪ್ಪಿಕೊಂಡಿದೆ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಪಡೆದ ಯೋಜನೆಯಲ್ಲಿ, ಕರಾವಳಿ ರಾಜ್ಯಗಳ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ, ಪಡೆಯುವ ಸಾಧನ) ಅಳವಡಿಸುವ ಗುರಿಯಿದೆ. ಅದರಲ್ಲಿ ಮಾತನಾಡಲಾಗುವುದಿಲ್ಲ, ಚಿಕ್ಕ ಸಂದೇಶಗಳು ಹೋಗುತ್ತವೆ, ಬರುತ್ತವೆ. ನನ್ನ ಮಟ್ಟಿಗೆ ಅದು ಕೊರತೆಯಲ್ಲ. ಇಂಜಿನ್ ನಿಂತಿದೆ, ನಾವು ಇಂಥಲ್ಲಿದ್ದೇವೆ ಎಂದು ತಿಳಿಸಲು ಎರಡು ಸಾಲು ಸಾಕು, ‘ನೀವು ಹೇಳಿ’ ಎಂಬ ಗೊಂದಲವೂ ಇಲ್ಲ.

ಈ ಟ್ರಾನ್ಸ್‌ಪಾಂಡರ್‌ಗಳು ಬಳಸುವ ಜಿಸ್ಯಾಟ್-6 ಉಪಗ್ರಹದ ಕಿರಣಗಳು ನೆಲದ ಮೇಲೂ ಬೀಳುತ್ತವೆ. ಹೀಗಿರುವಾಗ, ಮಳೆಗಾಲದಲ್ಲಿ ಕರೆಂಟು ಹೋದ ಬೆನ್ನಿಗೇ ಟವರ್ ಕೂಡ ಮಲಗುವ ಶರಾವತಿ ಹಿನ್ನೀರಿನ ಊರುಗಳಿಗೆ, ಜೋಯಿಡಾದ ಕಾಡಂಚಿನ ಮನೆಗಳಿಗೆ ಈ ಬಗೆಯ ಸಾಧನವೊಂದನ್ನು ಯಾಕೆ ಕೊಡಬಾರದು? ಪ್ರತಿ ಮನೆಗೂ ಬೇಕೆಂದು ನಾನು ಕೇಳುತ್ತಿಲ್ಲ. ಹಾವು ಕಚ್ಚಿದಾಗ, ಹೆರಿಗೆ ನೋವು ಬಂದಾಗ, ಧರೆ ಕುಸಿದು ದಾರಿ ಮುಚ್ಚಿದಾಗ ತಾಲ್ಲೂಕು ಆಸ್ಪತ್ರೆಗೋ ತಹಶೀಲ್ದಾರ್ ಕಚೇರಿಗೋ ಒಂದು ಸಾಲು ತಲುಪಿಸಲು, ಊರಿಗೊಂದು ನೋಂದಾಯಿತ ಸಾಧನ ಸಾಕು. ಅದನ್ನು ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಮಾತ್ರ ಬೇಡ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಆ ಬೀಗದ ಕೈ ಯಾರ ಬಳಿಯೂ ಇರುವುದಿಲ್ಲ. ಆಶಾ ಕಾರ್ಯಕರ್ತೆಯ ಮನೆಯಲ್ಲಿ, ಒಂದು ಸಣ್ಣ ಸೋಲಾರ್ ಚಾರ್ಜರ್ ಜೊತೆಗೆ ಇರಲಿ; ಬ್ಯಾಟರಿ ಸರಿಯಿದೆಯೇ ಎಂದು ನೋಡಲು ಅವರು ತಿಂಗಳಿಗೊಮ್ಮೆ ಅಂಗಳದಲ್ಲಿ ನಿಂತು ತಾಲ್ಲೂಕಿಗೆ ಒಂದು ಸಂದೇಶ ಕಳಿಸಲಿ, ಅತ್ತಲಿಂದ ಉತ್ತರ ಬರಲಿ.