ಒಂದೇ ಹೆಸರಿನ ಕಾಯಿಲೆ, ಬೇರೆ ಬೇರೆ ನಡೆ

ಕೇಳುಗರಿಗೆ ನಮಸ್ಕಾರ.

ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡಿನ ಅಂಚಿನಿಂದ ತೆಳ್ಳಗೆ ಎಳೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕೆಲವರ ರಕ್ತದಲ್ಲಿ ಬಿಳಿ ಕಣಗಳ ನಡುವೆ ಬೆರಳಲ್ಲಿ ಒರೆಸಿದ ಹಾಗೆ ನೇರಳೆ ಕಲೆಗಳು ಕಾಣುತ್ತವೆ. ಸ್ಲೈಡ್ ಕೆಟ್ಟಿದೆ ಅನಿಸುತ್ತದೆ. ಕೆಟ್ಟಿರುವುದಿಲ್ಲ. ಅವು ಎಳೆಯುವಾಗ ಒಡೆದುಹೋದ ಲಿಂಫೋಸೈಟ್‌ಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು. ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸಿಟಿಕ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಇವು ಮಾಮೂಲಿ. ಈ ಕಲೆಗಳು ಜಾಸ್ತಿ ಇರುವವರಲ್ಲಿ ಕಾಯಿಲೆ ನಿಧಾನವಾಗಿ ಸಾಗುತ್ತದೆ ಎಂದು 2009ರ ಒಂದು ಅಧ್ಯಯನ ಕಂಡುಕೊಂಡಿತು.

ಎಷ್ಟೋ ಜನರಿಗೆ ಈ ಕಾಯಿಲೆ ಗೊತ್ತಾಗುವುದೇ ಬೇರೆ ಯಾವುದಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ. ನೋವಿಲ್ಲ, ಜ್ವರವಿಲ್ಲ. ವೈದ್ಯರು ‘ಸದ್ಯಕ್ಕೆ ಔಷಧಿ ಬೇಡ, ನೋಡ್ತಾ ಇರೋಣ’ ಅನ್ನುತ್ತಾರೆ. ಕ್ಯಾನ್ಸರ್ ಅಂತ ಹೇಳಿ ಸುಮ್ನೆ ಮನೆಗೆ ಕಳಿಸಿದರೆ ಯಾರಿಗೆ ನಿದ್ದೆ ಬಂದೀತು? ಆದರೆ ಕೆಲವರಿಗೆ ಜೀವನಪೂರ್ತಿ ಚಿಕಿತ್ಸೆಯೇ ಬೇಕಾಗುವುದಿಲ್ಲ. ಇನ್ನು ಕೆಲವರಿಗೆ ಒಂದೆರಡು ವರ್ಷದಲ್ಲೇ ಬೇಕಾಗುತ್ತದೆ. ಯಾರು ಯಾವ ಗುಂಪು?

1975ರಲ್ಲಿ ಡಾಕ್ಟರ್ ಕಾಂತಿ ರೈ ಮತ್ತು ಸಂಗಡಿಗರು ಕಾಯಿಲೆಯ ಹಂತಗಳನ್ನು ಗುರುತಿಸಿದರು. ಊದಿದ ದುಗ್ಧಗ್ರಂಥಿಯ ಗಂಟುಗಳು, ಗುಲ್ಮ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಿ ಲೆಕ್ಕ ಹಾಕುವ ಕ್ರಮ. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಬಸ್ಸು ಎಲ್ಲಿಗೆ ಬಂದಿದೆ ಅಂತ ಅದು ಹೇಳುತ್ತದೆ, ಎಷ್ಟು ಜೋರಾಗಿ ಬರುತ್ತಿದೆ ಅಂತ ಹೇಳುವುದಿಲ್ಲ.

ಅದರ ಸುಳಿವು ಸಿಕ್ಕಿದ್ದು 1999ರಲ್ಲಿ. ಈ ಕ್ಯಾನ್ಸರ್ ಹುಟ್ಟುವುದು ಬಿ ಲಿಂಫೋಸೈಟ್ ಎಂಬ ಬಗೆಯ ಕಣದಲ್ಲಿ. ಈ ಕಣಗಳು ರೋಗಾಣುವಿಗೆ ಸರಿಹೊಂದುವ ಹಾಗೆ ತಮ್ಮ ಐಜಿಹೆಚ್‌ವಿ ಎಂಬ ಜೀನನ್ನು ತಿದ್ದಿಕೊಳ್ಳುತ್ತವೆ. ಕ್ಯಾನ್ಸರ್ ಕಣದಲ್ಲಿ ಆ ಜೀನ್ ತಿದ್ದುಪಡಿಯಾಗಿದ್ದರೆ ಕಾಯಿಲೆ ಸಾಮಾನ್ಯವಾಗಿ ನಿಧಾನ, ಆಗಿಲ್ಲದಿದ್ದರೆ ಚುರುಕು. ರಿಪೋರ್ಟಿನಲ್ಲಿ ‘ಮ್ಯುಟೇಟೆಡ್’, ಅಂದರೆ ತಿದ್ದುಪಡಿಯಾಗಿದೆ, ಅಂತ ಕಂಡೊಡನೆ ಜನ ಹೆದರುತ್ತಾರೆ. ಈ ಜೀನಿನ ಮಟ್ಟಿಗೆ ಅದು ಒಳ್ಳೆಯ ಸುದ್ದಿ! ಈ ಫಲಿತಾಂಶ ಮುಂದೆ ಬದಲಾಗುವುದಿಲ್ಲ, ಒಮ್ಮೆ ಮಾಡಿಸಿದರೆ ಸಾಕು.

ಮರುವರ್ಷ ಜರ್ಮನಿಯ ವೈದ್ಯರು 325 ರೋಗಿಗಳ ಕ್ರೋಮೋಸೋಮ್‌ಗಳನ್ನು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳನ್ನು, ಫಿಶ್ ಎಂಬ ಪರೀಕ್ಷೆಯಿಂದ ನೋಡಿದರು. ಕತ್ತಲೆಯಲ್ಲಿ ಹೊಳೆಯುವ ಚುಕ್ಕಿಗಳನ್ನು ಎಣಿಸುವ ಕೆಲಸ ಅದು. ಎರಡು ಇರಬೇಕಾದ ಕಡೆ ಒಂದೇ ಇದ್ದರೆ ಅಲ್ಲಿ ತುಂಡು ಕಳೆದಿದೆ ಅಂತ ಅರ್ಥ. 13ನೇ ಕ್ರೋಮೋಸೋಮಿನ ತುಂಡು ಮಾತ್ರ ಕಳೆದವರಲ್ಲಿ ಅರ್ಧದಷ್ಟು ಜನ 133 ತಿಂಗಳು ದಾಟಿ ಬದುಕಿದ್ದರು. 17ನೆಯದರ ತುಂಡು ಕಳೆದವರಲ್ಲಿ ಅದು ಬರೀ 32 ತಿಂಗಳು. ಇದು ಹೊಸ ಔಷಧಿಗಳು ಬರುವ ಮೊದಲಿನ ಲೆಕ್ಕ, ದಯವಿಟ್ಟು ನೆನಪಿಡಿ.

17ರಲ್ಲಿ ಅಂಥದ್ದೇನಿದೆ? ಟಿಪಿ53 ಎಂಬ ಜೀನ್ ಇದೆ. ಡಿಎನ್‌ಎ ಹಾಳಾದ ಕಣಕ್ಕೆ ‘ನೀನು ಸಾಯಿ’ ಅಂತ ಹೇಳುವ ಕಾವಲುಗಾರ ಅದು. ಹಳೆಯ ಕೀಮೋಥೆರಪಿ ಡಿಎನ್‌ಎಗೆ ಪೆಟ್ಟು ಕೊಟ್ಟು ಕೆಲಸ ಮಾಡುತ್ತಿತ್ತು. ಕಾವಲುಗಾರನೇ ಇಲ್ಲದಿದ್ದರೆ ಪೆಟ್ಟು ಬಿದ್ದರೂ ಕಣ ಸಾಯುವುದಿಲ್ಲ. ಐಬ್ರುಟಿನಿಬ್, ವೆನೆಟೋಕ್ಲಾಕ್ಸ್‌ನಂಥ ಮಾತ್ರೆಗಳಿಗೆ ಈ ಕಾವಲುಗಾರನ ಹಂಗಿಲ್ಲ. ಹಾಗಾಗಿ ಈ ಪರೀಕ್ಷೆ ಬರೀ ಭವಿಷ್ಯ ಹೇಳುವುದಲ್ಲ, ಯಾವ ಔಷಧಿ ಅಂತಲೂ ಹೇಳುತ್ತದೆ. ಕೆಲವೊಮ್ಮೆ ತುಂಡು ಇದ್ದಲ್ಲೇ ಇದ್ದು ಜೀನ್ ಮಾತ್ರ ಕೆಟ್ಟಿರುತ್ತದೆ. ಅದನ್ನು ಫಿಶ್ ಹಿಡಿಯುವುದಿಲ್ಲ, ಜೀನನ್ನೇ ಓದಿಸಬೇಕು. ಈ ದೋಷ ನಡುವೆ ಹೊಸದಾಗಿಯೂ ಬರಬಹುದು. ಮೊದಲ ಚಿಕಿತ್ಸೆಯಿರಲಿ, ಎರಡನೆಯದಿರಲಿ, ಶುರುಮಾಡುವ ಮುಂಚೆ ‘ಟಿಪಿ53 ನೋಡಿದ್ದೀರಾ ಡಾಕ್ಟ್ರೇ?’ ಅಂತ ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಸಿಡಿ38, ಜ್ಯಾಪ್-70, ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನುಗಳಂಥ ಇನ್ನೂ ಕೆಲವು ಗುರುತುಗಳಿವೆ. ಕೊನೆಯದು ಮೂತ್ರಪಿಂಡ ಸೋತರೂ ಏರುತ್ತದೆ. ಅದನ್ನೊಂದನ್ನೇ ನೋಡಿ ಕಂಗಾಲಾಗಬೇಡಿ.

ಯಾವ ದೊಡ್ಡ ಲ್ಯಾಬೂ ಬೇಡದ ಒಂದು ಗುರುತೂ ಇದೆ. ಲಿಂಫೋಸೈಟ್ ಎಣಿಕೆ ದುಪ್ಪಟ್ಟಾಗಲು ಎಷ್ಟು ಕಾಲ ಹಿಡಿಯಿತು ಅನ್ನುವುದು. ಎಣಿಕೆ ಮೊದಲೇ ಸಾಕಷ್ಟು ಏರಿದ್ದು, ಆರು ತಿಂಗಳೊಳಗೆ ಮತ್ತೆ ಎರಡು ಪಟ್ಟಾದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಅದಕ್ಕೇ ಹಳೆಯ ರಿಪೋರ್ಟು ಎಸೆಯಬೇಡಿ. ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ, ಪ್ರತಿ ಸಲ ಜೊತೆಗೆ ಒಯ್ಯಿರಿ.

ನಮಸ್ಕಾರ.