ಬಿಸಿ ಹೋಗುವ ದಾರಿಯಲ್ಲಿ ಇಕ್ಕಟ್ಟು ಎಲ್ಲಿದೆ? ಪ್ರೊಸೆಸರ್‌ಗೆ ಏರ್ ಕೂಲರ್ ಆರಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಕೂಲರ್ ವಿಚಾರ ಬಂದ ಕೂಡಲೇ ಎಲ್ಲರೂ ಕೇಳುವುದು "ಯಾವುದು ಬೆಸ್ಟ್?" ಎಂದು. ಇವತ್ತು ಆ ಪ್ರಶ್ನೆಯನ್ನು ಬದಿಗಿಟ್ಟು ಬೇರೊಂದನ್ನು ಕೇಳಿಕೊಳ್ಳೋಣ. ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿದು ಹೊರಗೆ ಹೋಗುತ್ತದೆ, ಆ ದಾರಿಯಲ್ಲಿ ಎಲ್ಲಿ ಇಕ್ಕಟ್ಟಾಗುತ್ತದೆ? ಇಕ್ಕಟ್ಟು ಒಂದು ಕಡೆ ಇದ್ದು ಹಣವನ್ನು ಇನ್ನೊಂದು ಕಡೆ ಸುರಿದರೆ ಉಷ್ಣತೆ ಇಳಿಯುವುದಿಲ್ಲ.

ದಾರಿ ಹೀಗಿದೆ. ಸಿಲಿಕಾನ್ ಚಿಪ್‌ನಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಥರ್ಮಲ್ ಪೇಸ್ಟ್ ದಾಟಿ ಕೂಲರ್‌ನ ತಳಕ್ಕೆ, ತಳದಿಂದ ಹೀಟ್‌ಪೈಪ್‌ಗೆ, ಆಮೇಲೆ ಅಲ್ಯೂಮಿನಿಯಂ ಫಿನ್‌ಗಳಿಗೆ (ಸಾಲಾಗಿ ಜೋಡಿಸಿದ ತೆಳು ತಗಡುಗಳು), ಕೊನೆಗೆ ಗಾಳಿಗೆ. ಹೀಟ್‌ಪೈಪ್ ಎಂದರೆ ಗಟ್ಟಿ ತಾಮ್ರದ ಸರಳಲ್ಲ, ಟೊಳ್ಳು ಕೊಳವೆ. ಒಳಗಿನ ಗಾಳಿ ತೆಗೆದು ಸ್ವಲ್ಪವೇ ನೀರು ತುಂಬಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗಿಂತ ಎಷ್ಟೋ ಕೆಳಗೇ ಕುದಿಯುತ್ತದೆ. ಆವಿ ತಂಪಾದ ತುದಿಗೆ ಹೋಗಿ ನೀರಾಗುತ್ತದೆ, ಒಳಗೋಡೆಯ ಸಣ್ಣ ರಂಧ್ರಗಳ ಪದರ ಅದನ್ನು ಬತ್ತಿಯಂತೆ ಹೀರಿ ಮತ್ತೆ ಬಿಸಿ ತುದಿಗೆ ತರುತ್ತದೆ. ಅಷ್ಟೇ ದಪ್ಪದ ತಾಮ್ರದ ಸರಳಿಗಿಂತ ಇದು ಎಷ್ಟೋ ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಪೈಪ್ ಸೊಟ್ಟಗಾಗಿದೆ ಎಂದು ಕೈಯಿಂದ ಬಗ್ಗಿಸಲು ಹೋಗಬೇಡಿ. ಒಳಗಿನ ಪದರ ಜಜ್ಜಿಹೋದರೆ ಅದು ಬರೀ ಕೊಳವೆ.

ಇನ್ನು ವ್ಯಾಟ್ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಇಂಟೆಲ್ ಕೋರ್ ಐ9-13900ಕೆಯ ಮೂಲ ಅಂಕಿ, ಅಂದರೆ ಮೂಲ ವೇಗದಲ್ಲಿನ ವಿದ್ಯುತ್ ಬಳಕೆ, 125 ವ್ಯಾಟ್. ಟರ್ಬೊ ಮಿತಿ, ಅಂದರೆ ವೇಗ ಏರಿಸಿಕೊಂಡಾಗಿನ ಗರಿಷ್ಠ, 253 ವ್ಯಾಟ್. ಐ5-13600ಕೆಗೂ ಮೂಲ ಅಂಕಿ ಅದೇ 125, ಟರ್ಬೊ ಮಿತಿ ಮಾತ್ರ 181. ಎಎಂಡಿಯ ಎಎಂ4, ಎಎಂ5 ಸಾಕೆಟ್‌ಗಳಲ್ಲಿ (ಪ್ರೊಸೆಸರ್ ಕೂರುವ ಜಾಗ) ಕೂರುವ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಟಿಡಿಪಿಯನ್ನು, ಅಂದರೆ ಕಂಪನಿ ಹೇಳುವ ವ್ಯಾಟ್ ಅಂಕಿಯನ್ನು, ಸುಮಾರು 1.35ರಿಂದ ಗುಣಿಸಿದರೆ ನಿಜವಾದ ವಿದ್ಯುತ್ ಮಿತಿ ಸಿಗುತ್ತದೆ: 65 ಎಂದಿದ್ದರೆ 88, 105 ಎಂದಿದ್ದರೆ 142, 170 ಎಂದಿದ್ದರೆ 230. ಕೂಲರ್ ಆರಿಸಬೇಕಾದದ್ದು ಈ ಎರಡನೇ ಅಂಕಿಗೆ. ಕೆಲವು ಮದರ್‌ಬೋರ್ಡ್‌ಗಳು ಮೊದಲಿನಿಂದಲೇ ಈ ಮಿತಿಯನ್ನು ಸಡಿಲಿಸಿರುತ್ತವೆ, ಬಯಾಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ತೆರೆದು ನೋಡಿಕೊಳ್ಳಿ. ಆಟಗಳಲ್ಲಿ ಇಷ್ಟು ವ್ಯಾಟ್ ಸಾಮಾನ್ಯವಾಗಿ ಬಳಕೆಯಾಗುವುದಿಲ್ಲ. ವಿಡಿಯೊ ರೆಂಡರ್, ಕೋಡ್ ಕಂಪೈಲ್‌ನಂಥ ಎಲ್ಲ ಕೋರ್‌ಗಳನ್ನೂ ದುಡಿಸುವ ಕೆಲಸದಲ್ಲಿ ಖಂಡಿತ ಆಗುತ್ತದೆ.

88 ವ್ಯಾಟ್‌ವರೆಗಿನ ಚಿಪ್‌ಗೆ ನಾಲ್ಕು ಹೀಟ್‌ಪೈಪ್, ಒಂದು 120 ಮಿ.ಮೀ. ಫ್ಯಾನ್ ಇರುವ ಒಂಟಿ ಗೋಪುರದ (ಫಿನ್‌ಗಳ ಒಂದೇ ಕಟ್ಟಿನ) ಕೂಲರ್ ಧಾರಾಳ ಸಾಕು. 140ರಿಂದ 180ರ ನಡುವಿನದಕ್ಕೆ ಆರು ಪೈಪ್‌ಗಳ ಜೋಡಿ ಗೋಪುರ ನೋಡಿ. 230 ದಾಟಿದ್ದನ್ನು ಗಂಟೆಗಟ್ಟಲೆ ದುಡಿಸುವವರು ಅತಿ ದೊಡ್ಡ ಏರ್ ಕೂಲರ್ ಹಾಕಿದರೂ ಉಷ್ಣತೆ ಮಿತಿಯ ಅಂಚಿಗೆ ಹೋಗಬಹುದು. ಅಲ್ಲಿ ನನ್ನ ಸಲಹೆ ವಿದ್ಯುತ್ ಮಿತಿ ಇಳಿಸುವುದು. ಎಎಂಡಿಯ ರೈಜನ್ 9 7950ಎಕ್ಸ್ ಚಿಪ್ಪನ್ನು 105 ವ್ಯಾಟ್‌ನ ಇಕೊ ಮೋಡ್‌ಗೆ (ವಿದ್ಯುತ್ ಉಳಿಸುವ ಸೆಟ್ಟಿಂಗ್) ಹಾಕಿದರೆ 230ರ ಬದಲು 142 ವ್ಯಾಟ್‌ಗೆ ನಿಲ್ಲುತ್ತದೆ. ವಿದ್ಯುತ್ ಇಳಿದಷ್ಟು ಪ್ರಮಾಣದಲ್ಲಿ ವೇಗ ಇಳಿಯುವುದಿಲ್ಲ.

ದೊಡ್ಡ ಕೂಲರ್ ಎಲ್ಲರಿಗೂ ಒಂದೇ ಲಾಭ ಕೊಡುವುದಿಲ್ಲ, ಯಾಕೆ ಎಂದು ಒಂದು ಲೆಕ್ಕದಲ್ಲೇ ನೋಡೋಣ. ಚಿಪ್‌ನಿಂದ ಮುಚ್ಚಳದವರೆಗೆ ಪ್ರತಿ ವ್ಯಾಟ್‌ಗೆ 0.3 ಡಿಗ್ರಿ ಏರುತ್ತದೆ, ಕೂಲರ್‌ನಲ್ಲಿ 0.2 ಡಿಗ್ರಿ ಎಂದು ಇಟ್ಟುಕೊಳ್ಳಿ. 88 ವ್ಯಾಟ್‌ಗೆ ಕೋಣೆಯ ಉಷ್ಣತೆಗಿಂತ 44 ಡಿಗ್ರಿ ಮೇಲೆ. ಕೂಲರ್ ಬದಲಿಸಿ ಆ 0.2 ಅನ್ನು 0.15ಕ್ಕೆ ತಂದರೆ ಉಳಿಯುವುದು ನಾಲ್ಕೂವರೆ ಡಿಗ್ರಿಗೂ ಕಡಿಮೆ. ಅದೇ ಬದಲಾವಣೆ 230 ವ್ಯಾಟ್‌ನಲ್ಲಿ ಹನ್ನೊಂದೂವರೆ ಡಿಗ್ರಿ ಉಳಿಸುತ್ತದೆ. ರೈಜನ್ 7 7800ಎಕ್ಸ್3ಡಿಯಲ್ಲಿ ಹೆಚ್ಚುವರಿ ಕ್ಯಾಶ್‌ನ (ಚಿಪ್‌ನೊಳಗಿನ ವೇಗದ ಮೆಮೊರಿ) ಪದರ ಕೋರ್‌ಗಳಿರುವ ಸಿಲಿಕಾನ್ ಮೇಲೆ ಕೂತಿದೆ, ಬಿಸಿ ಅದನ್ನೂ ದಾಟಿ ಬರಬೇಕು. ಇಕ್ಕಟ್ಟು ಚಿಪ್‌ನೊಳಗೇ ಇರುವಾಗ ಕೂಲರ್ ಎಷ್ಟು ದೊಡ್ಡದಾದರೇನು? ಮುಂದಿನ 9800ಎಕ್ಸ್3ಡಿಯಲ್ಲಿ ಕ್ಯಾಶ್ ಅನ್ನು ಕೋರ್‌ಗಳ ಕೆಳಗೆ ಸರಿಸಿದ್ದು ಇದಕ್ಕೇ ದೊಡ್ಡ ಪರಿಹಾರವಾಯಿತು.

ಕೋಣೆಯ ಉಷ್ಣತೆ 25ರಿಂದ 35ಕ್ಕೆ ಏರಿದರೆ ಪ್ರೊಸೆಸರ್ ಕೂಡ ಸುಮಾರು 10 ಡಿಗ್ರಿ ಏರುತ್ತದೆ. ಕೂಲರ್ ಕೆಟ್ಟಿತೆಂದು ತಿಳಿಯಬೇಡಿ.

ಈಗ ಅಳತೆಪಟ್ಟಿ ಕೈಗೆ ತೆಗೆದುಕೊಳ್ಳಿ. ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ ಕೂಲರ್‌ನ ಗರಿಷ್ಠ ಎತ್ತರ ಬರೆದಿರುತ್ತಾರೆ. ನೋಕ್ಟುವಾ ಎನ್‌ಎಚ್-ಡಿ15 ಎತ್ತರ 165 ಮಿ.ಮೀ.; ಎರಡು ಫ್ಯಾನ್ ಸೇರಿ ತೂಕ 1,320 ಗ್ರಾಂ. ಆದರೆ ಆ 165ರ ಹಿಂದೆ ಒಂದು ಷರತ್ತಿದೆ. ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಬರುತ್ತದೆ, ಅದರ ಕೆಳಗೆ ಇರುವ ಜಾಗ 32 ಮಿ.ಮೀ. ಮಾತ್ರ. ನಿಮ್ಮ ರ‍್ಯಾಮ್ ದೀಪದ ಪಟ್ಟಿ ಹೊತ್ತು 44 ಮಿ.ಮೀ. ಇದ್ದರೆ ಫ್ಯಾನನ್ನು 12 ಮಿ.ಮೀ. ಮೇಲೆ ಸರಿಸಬೇಕು. ಒಟ್ಟು ಎತ್ತರ 177. 165ಕ್ಕಷ್ಟೇ ಜಾಗವಿರುವ ಕ್ಯಾಬಿನೆಟ್ ಆದರೆ ಪಕ್ಕದ ಗಾಜು ಮುಚ್ಚುವುದಿಲ್ಲ! ಆದ್ದರಿಂದ ಕ್ಯಾಬಿನೆಟ್ ಅಳತೆಯ ಜೊತೆಗೇ ರ‍್ಯಾಮ್ ಎತ್ತರವನ್ನೂ ಬರೆದಿಟ್ಟುಕೊಂಡು ಆಮೇಲೆ ಕೂಲರ್ ಹುಡುಕಿ.

ಸಾಕೆಟ್ ವಿಷಯದಲ್ಲಿ ಎರಡು ಮಾತು. ಇಂಟೆಲ್‌ನ ಎಲ್‌ಜಿಎ1200 ಸಾಕೆಟ್‌ನಲ್ಲಿ ಕೂಲರ್ ಸ್ಕ್ರೂ ತೂತುಗಳ ಅಂತರ 75 ಮಿ.ಮೀ., ಎಲ್‌ಜಿಎ1700 ಮತ್ತು 1851ರಲ್ಲಿ 78. ಹಳೆಯ ಕೂಲರ್‌ಗೆ ಹೊಸ ಜೋಡಣೆ ಕಿಟ್ ಬೇಕು. ಎಎಂ4 ಕೂಲರ್ ಮದರ್‌ಬೋರ್ಡ್ ಜೊತೆ ಬಂದ ಬ್ಯಾಕ್‌ಪ್ಲೇಟ್‌ಗೇ (ಬೋರ್ಡಿನ ಹಿಂಬದಿಯ ಆಧಾರಪಟ್ಟಿ) ಸ್ಕ್ರೂ ಆಗುವಂಥದ್ದಾದರೆ ಎಎಂ5ಕ್ಕೂ ಕೂರುತ್ತದೆ. ತನ್ನದೇ ಬ್ಯಾಕ್‌ಪ್ಲೇಟ್ ಬೇಡುವುದಾದರೆ ಇಲ್ಲ, ಯಾಕೆಂದರೆ ಎಎಂ5ರಲ್ಲಿ ಆ ಪ್ಲೇಟನ್ನು ಬದಲಿಸಲು ಬರುವುದಿಲ್ಲ.

ಕೂರಿಸುವಾಗ ಮೊದಲು ಕೂಲರ್‌ನ ತಳ ತಿರುಗಿಸಿ ನೋಡಿ. ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೀಳದೇ ಕೂರಿಸುವುದು ಅತಿ ಸಾಮಾನ್ಯ ತಪ್ಪು. ಪೇಸ್ಟ್ ನಡುವೆ ಬಟಾಣಿ ಕಾಳಿನಷ್ಟು. ಅಗಲವಾದ ಇಂಟೆಲ್ ಚಿಪ್‌ಗಾದರೆ ಉದ್ದಕ್ಕೆ ಒಂದು ಗೆರೆ. ಪೇಸ್ಟ್‌ನ ಶಾಖವಾಹಕತೆ ತಾಮ್ರದ ನೂರರಲ್ಲಿ ಕೆಲವೇ ಭಾಗ, ಅದರ ಕೆಲಸ ಏನಿದ್ದರೂ ಕಣ್ಣಿಗೆ ಕಾಣದ ಸಂದುಗಳಲ್ಲಿನ ಗಾಳಿಯನ್ನು ತಳ್ಳುವುದು. ಸ್ಕ್ರೂಗಳನ್ನು ಒಂದೊಂದೇ ಪೂರ್ತಿ ಬಿಗಿ ಮಾಡದೆ ಎದುರುಬದುರು ಎರಡೆರಡು ಸುತ್ತು ತಿರುಗಿಸುತ್ತ ಬನ್ನಿ. ಇಲ್ಲದಿದ್ದರೆ ತಳ ಓರೆಯಾಗಿ ಒಂದು ಪಕ್ಕ ಪೇಸ್ಟ್ ದಪ್ಪ ಉಳಿಯುತ್ತದೆ. ಫ್ಯಾನ್‌ನ ಚೌಕಟ್ಟಿನ ಅಡ್ಡಕಡ್ಡಿಗಳಿರುವ ಕಡೆಗೆ ಗಾಳಿ ಹೊರಬರುತ್ತದೆ, ಆ ಮುಖ ಕ್ಯಾಬಿನೆಟ್‌ನ ಹಿಂಭಾಗಕ್ಕಿರಲಿ. ನಾಲ್ಕು ಪಿನ್‌ನ ವೈರು ಸಿಪಿಯು ಫ್ಯಾನ್ ಎಂದು ಬರೆದಿರುವ ಕಡೆಗೇ.

ಸದ್ದಿನ ಬಗ್ಗೆ ಹೇಳುವುದಾದರೆ, ಫ್ಯಾನ್ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧಕ್ಕಿಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. 88 ವ್ಯಾಟ್‌ನ ಚಿಪ್‌ಗೆ ದೊಡ್ಡ ಕೂಲರ್ ಕೊಳ್ಳಲು ನಾನು ಒಪ್ಪುವ ಕಾರಣ ಇದೊಂದೇ: ನಿಧಾನ ತಿರುಗಿಯೂ ಅದು ಕೆಲಸ ಮುಗಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಎಲ್ಲ ಕೋರ್‌ಗಳಿಗೂ ಅರ್ಧ ಗಂಟೆ ಕೆಲಸ ಕೊಡಿ. ಉಷ್ಣತೆ ಮಿತಿ ಮುಟ್ಟಿದರೆ, ಅಂದರೆ ಇಂಟೆಲ್‌ನ 13ನೇ ಪೀಳಿಗೆಯಲ್ಲಿ 100, ರೈಜನ್ 7000ದ ಬಹುತೇಕ ಚಿಪ್‌ಗಳಲ್ಲಿ 95 ಡಿಗ್ರಿ, ಫ್ಯಾನ್‌ಗೆ ಬೆರಳು ತಾಗದಂತೆ ಫಿನ್‌ಗಳ ಅಂಚನ್ನು ಮುಟ್ಟಿ ನೋಡಿ. ಫಿನ್ ಬಿಸಿಯಾಗಿದ್ದರೆ ಶಾಖ ಅಲ್ಲಿಯವರೆಗೆ ಬಂದಿದೆ, ಗಾಳಿ ಸಾಲುತ್ತಿಲ್ಲ; ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಾಗ ಐದಾರು ಡಿಗ್ರಿ ಇಳಿದರೆ ಕ್ಯಾಬಿನೆಟ್ ಫ್ಯಾನ್‌ಗಳತ್ತ ಗಮನ ಕೊಡಿ. 200 ವ್ಯಾಟ್ ಉರಿಯುತ್ತಿದ್ದರೂ ಫಿನ್ ಬೆಚ್ಚಗಷ್ಟೇ ಇದ್ದರೆ ಇಕ್ಕಟ್ಟು ಕೆಳಗಿದೆ: ಉಳಿದ ಪ್ಲಾಸ್ಟಿಕ್ ಹಾಳೆ, ಓರೆ ಸ್ಕ್ರೂ, ಸಾಲದ ಪೇಸ್ಟ್, ಇಲ್ಲವೇ ಚಿಪ್ಪೇ. ಆಗ ಕೂಲರ್ ತೆಗೆದು ಪೇಸ್ಟ್ ಹರಡಿರುವ ಗುರುತು ನೋಡಬೇಕು. ಎಎಂ4 ಆದರೆ ಚಿಪ್ ಬೆಚ್ಚಗಿರುವಾಗಲೇ ಕಂಪ್ಯೂಟರ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಸಡಿಲ ಮಾಡಿಕೊಂಡು ಎತ್ತಿ. ನೇರವಾಗಿ ಎಳೆದರೆ ಪೇಸ್ಟ್‌ಗೆ ಅಂಟಿದ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಬಂದು ಪಿನ್ ಬಾಗುತ್ತವೆ.